ಗ್ಯಾಸಿನ ಔಷಧ, ಕೆಂಪು ಗುಳಿಗೆ ಮತ್ತು ಡೊಲುಟೆಗ್ರಾವಿರ್

ಟಿ.ಎಲ್.ಡಿ. ಅಂದರೆ ಎಚ್.ಐ.ವಿ. ಇದ್ದವರಿಗೆ ಕೊಡುವ, ಮೂರು ಔಷಧ ಸೇರಿದ ಒಂದೇ ಗುಳಿಗೆ. ಟೆನೊಫೊವಿರ್ 300 ಮಿ.ಗ್ರಾಂ, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50. ದಿನಕ್ಕೆ ಒಂದು. ಇಷ್ಟನ್ನು ನಾವೆಲ್ಲ ಬಾಯಿಪಾಠ ಮಾಡಿರುತ್ತೇವೆ. ನನಗೆ ಇದು ನಿಜವಾಗಿ ಅರ್ಥವಾಗಿದ್ದು ಕಲಬುರಗಿಯಲ್ಲಿ ತರಬೇತಿಗೆ ಹೋದಾಗ, ಒಬ್ಬ ಅವ್ವನ ಕೈಚೀಲದಿಂದ.

ಅವರು ಹಳ್ಳಿಯಿಂದ ಬಸ್ ಹತ್ತಿ ಬಂದಿದ್ದರು. ಒಂದು ದಿನವೂ ಗುಳಿಗೆ ತಪ್ಪಿಸಿಲ್ಲ, ಆದರೂ ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ ಪ್ರಮಾಣ, ಏರಿತ್ತು. "ಅವ್ವಾ, ಬೇರೆ ಏನರ ಔಷಧ ತಗೋತೀರೇನ್ರೀ?" ಅಂತ ಕೇಳಿದೆ. "ಏನೂ ಇಲ್ಲ ಯವ್ವಾ" ಅಂದರು. ಚೀಲದಲ್ಲಿ ಏನಿದೆ ನೋಡೋಣ ಅಂದಾಗ ಗುಳಿಗೆ ಡಬ್ಬಿಯ ಜೊತೆಗೆ ಗುಲಾಬಿ ಬಣ್ಣದ ಒಂದು ಬಾಟಲಿ ಹೊರಬಂತು. ಮುಚ್ಚಳದ ಸುತ್ತ ಔಷಧ ಒಣಗಿ ಅಂಟಿತ್ತು. "ಇದು ಔಷಧ ಅಲ್ಲಲ್ಲ, ಗ್ಯಾಸಿಂದು. ರಾತ್ರಿ ಊಟದ ಮ್ಯಾಲ ಗುಳಿಗಿ ನುಂಗಿ, ಇದು ಎರಡು ಮುಚ್ಚಳ ಕುಡೀತೀನಿ."

ಇಲ್ಲಿ ನಿಂತು ಯೋಚಿಸಬೇಕು. ಎಚ್.ಐ.ವಿ. ತನ್ನ ವಂಶವಾಹಿಯನ್ನು ನಮ್ಮ ಜೀವಕೋಶದ ಡಿ.ಎನ್.ಎ.ಗೆ ಸೇರಿಸುವುದು ಇಂಟಿಗ್ರೇಸ್ ಅನ್ನೋ ಕಿಣ್ವದಿಂದ. ಆ ಕಿಣ್ವದ ಕೆಲಸದ ಜಾಗದಲ್ಲಿ ಮೆಗ್ನೀಸಿಯಂ ಲೋಹದ ಎರಡು ಅಯಾನುಗಳು (ವಿದ್ಯುದಾವೇಶವಿರುವ ಕಣಗಳು) ಇರುತ್ತವೆ. ಡೊಲುಟೆಗ್ರಾವಿರ್ ಅವನ್ನೇ ಗಟ್ಟಿಯಾಗಿ ಹಿಡಿದು ಕಿಣ್ವವನ್ನು ಕಟ್ಟಿಹಾಕುತ್ತದೆ. ಲೋಹವನ್ನು ಹಿಡಿಯುವುದೇ ಇದರ ಶಕ್ತಿ. ಆದರೆ ಹೊಟ್ಟೆಯಲ್ಲೇ ಮೆಗ್ನೀಸಿಯಂ, ಅಲ್ಯೂಮಿನಿಯಂ ಸಿಕ್ಕರೆ? ಅಲ್ಲೇ ಅವನ್ನು ಹಿಡಿದುಕೊಂಡು ಕೂತುಬಿಡುತ್ತದೆ, ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಗುಲಾಬಿ ಬಾಟಲಿಯಲ್ಲಿದ್ದದ್ದು ಇವೆರಡೇ ಲೋಹಗಳು. ಔಷಧ ಕೆಲಸ ಮಾಡುವ ರೀತಿಯೂ ಅದು ಕೆಡುವ ರೀತಿಯೂ ಒಂದೇ. ಇದು ಹೊಳೆದ ದಿನ ನನಗೆ ಉರುಹೊಡೆಯುವುದು ತಪ್ಪಿತು.

ಅದಕ್ಕೇ ನಿಯಮ: ಆಂಟಾಸಿಡ್ (ಆ ಗುಲಾಬಿ ಬಾಟಲಿಯಂಥ ಗ್ಯಾಸಿನ ಔಷಧ) ಕುಡಿಯುವ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ಡೊಲುಟೆಗ್ರಾವಿರ್. ಅಲ್ಸರ್‌ಗೆ ಕೊಡುವ ಸುಕ್ರಾಲ್ಫೇಟ್‌ನಲ್ಲೂ ಅಲ್ಯೂಮಿನಿಯಂ ಇದೆ, ಮರೀಬೇಡಿ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ಗೆ ಮಾತ್ರ ಈ ತೊಂದರೆ ಇಲ್ಲ, ಅವು ಲೋಹದಿಂದ ಕೆಲಸ ಮಾಡುವ ಔಷಧಗಳಲ್ಲ. ನಮ್ಮ ಕಡೆ ಎರಡನ್ನೂ ಜನ "ಗ್ಯಾಸಿಂದು" ಅಂತಲೇ ಕರೆಯುತ್ತಾರೆ. ಹಾಗಾಗಿ ಹೆಸರು ಕೇಳಿದರೆ ಸಾಲದು, ಬಾಟಲಿಯನ್ನೇ ನೋಡಬೇಕು.

ಬಸುರಿಯರಿಗೆ ಕೊಡುವ ಕೆಂಪು ಗುಳಿಗೆಯಲ್ಲಿ 60 ಮಿ.ಗ್ರಾಂ ಕಬ್ಬಿಣ ಇರುತ್ತದೆ, ಜೊತೆಗೆ ಕ್ಯಾಲ್ಸಿಯಂ ಬೇರೆ. ಇವೂ ಲೋಹಗಳೇ. ಆದರೆ ಇಲ್ಲೊಂದು ಸಮಾಧಾನವಿದೆ. ಊಟದ ಜೊತೆಗಾದರೆ ಕಬ್ಬಿಣ ಅಥವಾ ಕ್ಯಾಲ್ಸಿಯಂ ಗುಳಿಗೆಯನ್ನು ಡೊಲುಟೆಗ್ರಾವಿರ್ ಸಂಗಡವೇ ತೆಗೆದುಕೊಳ್ಳಬಹುದು. ಖಾಲಿ ಹೊಟ್ಟೆಯಲ್ಲಾದರೆ ಅದೇ 2 ಗಂಟೆ, 6 ಗಂಟೆ ಲೆಕ್ಕ. ಆಂಟಾಸಿಡ್‌ಗೆ ಊಟದ ಈ ರಿಯಾಯಿತಿ ಇಲ್ಲ.

ಟಿ.ಬಿ. ಜೊತೆಗಿದ್ದರೆ ಕಥೆ ಬೇರೆ. ಟಿ.ಬಿ.ಗೆ ಕೊಡುವ ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಚುರುಕು ಮಾಡುತ್ತದೆ, ಡೊಲುಟೆಗ್ರಾವಿರ್ ಬೇಗ ಕರಗಿ ಹೋಗುತ್ತದೆ. ಇಲ್ಲಿ ಸಮಯ ದೂರ ಮಾಡಿದರೆ ಪ್ರಯೋಜನವಿಲ್ಲ. ಟಿ.ಎಲ್.ಡಿ. ಆದ 12 ಗಂಟೆಗೆ ಇನ್ನೊಂದು 50 ಮಿ.ಗ್ರಾಂ ಡೊಲುಟೆಗ್ರಾವಿರ್ ಕೊಡುತ್ತಾರೆ. ರಿಫಾಂಪಿಸಿನ್ ನಿಂತ ಮೇಲೂ 2 ವಾರ ಅದು ಮುಂದುವರಿಯಬೇಕು, ಯಾಕಂದರೆ ಕಿಣ್ವಗಳು ತಕ್ಷಣ ತಣ್ಣಗಾಗುವುದಿಲ್ಲ. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಫೆನಿಟೊಯಿನ್ ಕೂಡ ಇದೇ ಜಾತಿಯವು. ಕಂಡ ಕೂಡಲೇ ಡಾಕ್ಟರಿಗೆ ಹೇಳಿ.

ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್‌ನಲ್ಲಿ ಉಲ್ಟಾ. ಅದು ಮೂತ್ರಪಿಂಡದಿಂದ ಹೊರಹೋಗುವುದನ್ನು ಡೊಲುಟೆಗ್ರಾವಿರ್ ತಡೆಯುತ್ತದೆ, ಡೊಲುಟೆಗ್ರಾವಿರ್ ದಿನಕ್ಕೊಂದು ಡೋಸಿನಲ್ಲೇ ರಕ್ತದಲ್ಲಿ ಮೆಟ್‌ಫಾರ್ಮಿನ್‌ನ ಒಟ್ಟು ಪ್ರಮಾಣ ಶೇ. 79ರಷ್ಟು ಏರುತ್ತದೆ. ಆದ್ದರಿಂದ ಮೆಟ್‌ಫಾರ್ಮಿನ್ ದಿನಕ್ಕೆ 1000 ಮಿ.ಗ್ರಾಂ ದಾಟಿಸುವುದಿಲ್ಲ. ಇದೇ ರೀತಿಯ ತಡೆಯಿಂದ ಮೊದಲ ಕೆಲವು ವಾರಗಳಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಯಲು ರಕ್ತದಲ್ಲಿ ಅಳೆಯುವ ಅಂಶ) ಸ್ವಲ್ಪ ಏರಿದಂತೆ ಕಾಣುತ್ತದೆ, ಆಮೇಲೆ ಅಲ್ಲೇ ನಿಲ್ಲುತ್ತದೆ. ಅದಷ್ಟೇ ಆದರೆ ಮೂತ್ರಪಿಂಡ ಕೆಟ್ಟಿದೆ ಅಂತಲ್ಲ. ಏರುತ್ತಲೇ ಹೋದರೆ ಮಾತ್ರ ಟೆನೊಫೊವಿರ್ ಮೇಲೆ ಅನುಮಾನ ಪಡಬೇಕು. ನಮ್ಮ ಮೇ ತಿಂಗಳ ಬಿಸಿಲು ಗೊತ್ತಲ್ವಾ? ನೀರು ಕಡಿಮೆ ಕುಡಿದು, ಮೈಕೈ ನೋವಿಗೆ ಸುಮ್ನೆ ಡೈಕ್ಲೋಫೆನಾಕ್ ನುಂಗುತ್ತಾ ಹೋದರೆ ಟೆನೊಫೊವಿರ್ ತಗೊಳ್ಳುವವರ ಮೂತ್ರಪಿಂಡಕ್ಕೆ ಜಾಸ್ತಿ ಅಪಾಯ.

ಉಳಿದ ಅಡ್ಡಪರಿಣಾಮಗಳು: ತಲೆನೋವು, ವಾಕರಿಕೆ, ತೂಕ ಏರುವುದು, ನಿದ್ದೆ ಬಾರದಿರುವುದು. ನಿದ್ದೆಯ ದೂರು ಬಂದರೆ ಗುಳಿಗೆ ಯಾವಾಗ ಅಂತ ಕೇಳಿ. ಮೊದಲು ಎಫಾವಿರೆಂಜ್ ಅನ್ನೋ ಬೇರೆ ಎಚ್.ಐ.ವಿ. ಔಷಧದಲ್ಲಿ ಇದ್ದವರು ಮಲಗುವಾಗ ನುಂಗುವ ರೂಢಿಯನ್ನೇ ಇಟ್ಟುಕೊಂಡಿರುತ್ತಾರೆ. ಬೆಳಿಗ್ಗೆಗೆ ಬದಲಿಸಿದರೆ ಎಷ್ಟೋ ಜನರಿಗೆ ಆರಾಮಾಗುತ್ತದೆ. ಮಂಕು, ಬೇಸರ ಹೆಚ್ಚಾಗಿದ್ದರೆ ಅದನ್ನೂ ಬರೆದುಕೊಂಡು ಡಾಕ್ಟರಿಗೆ ತಿಳಿಸಿ. ತಾವಾಗಿಯೇ ನಿಲ್ಲಿಸಬಾರದು ಅಂತ ಖಂಡಿತ ಹೇಳಿ. ಹೆಪಟೈಟಿಸ್ ಬಿ ಕೂಡ ಇದ್ದವರಲ್ಲಿ ಟೆನೊಫೊವಿರ್, ಲ್ಯಾಮಿವುಡಿನ್ ನಿಂತರೆ ಯಕೃತ್ತಿನ ಕಾಯಿಲೆ ಕೆರಳಬಹುದು.

ಆ ಅವ್ವನಿಗೆ ಡಾಕ್ಟರು ಗುಳಿಗೆ ಬದಲಿಸಲಿಲ್ಲ, ಬಾಟಲಿಯ ಹೊತ್ತು ಬದಲಿಸಿದರು. ನಾನು ಬಾಟಲಿ ಮೇಲೆ ಕಾಗದ ಅಂಟಿಸಿ ಸೂರ್ಯನ ಚಿತ್ರ ಬರೆದೆ, ಡಬ್ಬಿ ಮೇಲೆ ಚಂದ್ರ. ಅವರು ಬೆರಳಿಟ್ಟು ಓದಿದರು: "ಇದು ಮಧ್ಯಾಹ್ನ ಒಂದಕ್ಕ. ಇದು ರಾತ್ರಿ ಒಂಬತ್ತಕ್ಕ. ಹೌದಿಲ್ಲೋ ಯವ್ವಾ?"