ಹೋಗುವ ಲೆಕ್ಕ ಸರಿ, ಬರುವ ಲೆಕ್ಕ ಎಲ್ಲಿ?

ಮಂಗಳೂರಿನಲ್ಲಿ ಸಣ್ಣದೊಂದು ಟ್ರಾವೆಲ್ಸ್ ನಡೆಸುತ್ತೇನೆ. ಮದುವೆ, ಏರ್‌ಪೋರ್ಟ್, ಧರ್ಮಸ್ಥಳ-ಸುಬ್ರಹ್ಮಣ್ಯ ಬಾಡಿಗೆಗಳು ಹೊಟ್ಟೆಪಾಡಿಗೆ. ಕಾಡಿನ ಕಡೆಗೆ ಜನ ಕರೆದುಕೊಂಡು ಹೋಗುವುದು ಇಷ್ಟಕ್ಕೆ. ಆದರೆ ಈ ಇಷ್ಟದ ಕೆಲಸದಲ್ಲೇ ತಲೆ ಬಿಸಿ ಜಾಸ್ತಿ. ಶುಕ್ರವಾರ ರಾತ್ರಿ ಒಂಬತ್ತರ ಮೇಲೆ ಫೋನ್ ಬರುತ್ತದೆ.

"ಅಣ್ಣ, ಭಾನುವಾರ ನಾಗರಹೊಳೆ ಸಫಾರಿ. ಬೆಳಿಗ್ಗೆ ಹೊರಟು ರಾತ್ರಿ ಮನೆಗೆ ಮುಟ್ಟುವ ಹಾಗೆ ಮಾಡಿ. ಸೋಮವಾರ ಆಫೀಸ್ ಉಂಟು."

ಆಗುವುದಿಲ್ಲ ಎಂದರೆ ಬೇಸರ. "ಮ್ಯಾಪಿನಲ್ಲಿ ಬರೀ ಐದೂವರೆ ಗಂಟೆ ತೋರಿಸ್ತದೆ ಮಾರಾಯ್ರೆ" ಎನ್ನುತ್ತಾರೆ. ಹೌದು, ತೋರಿಸುತ್ತದೆ. ಸಂಪಾಜೆ ಘಾಟಿಯ ತಿರುವಿನಲ್ಲಿ ನಿಮ್ಮ ಸಣ್ಣ ಮಗು ಬೆಳಿಗ್ಗೆ ತಿಂದ ಬನ್ಸ್ ಅಷ್ಟೂ ವಾಂತಿ ಮಾಡುತ್ತದೆ ಎಂದು ಮ್ಯಾಪಿಗೆ ಗೊತ್ತಿಲ್ಲ. ಮಡಿಕೇರಿಯಲ್ಲಿ ಕಾಫಿಗೆ ಇಳಿದವರು ಅರ್ಧ ಗಂಟೆ ಫೋಟೋ ತೆಗೆಯುತ್ತಾರೆ ಎಂದೂ ಗೊತ್ತಿಲ್ಲ.

ಯಾವ ಬಣ್ಣದ ಬಟ್ಟೆ ಹಾಕಬೇಕು, ಕಾಡಿನಲ್ಲಿ ಗಲಾಟೆ ಮಾಡಬಾರದು, ಪ್ಲಾಸ್ಟಿಕ್ ಎಸೆಯಬಾರದು, ಇದೆಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಡುತ್ತೇನೆ. ಎಷ್ಟು ಹೇಳಿದರೂ ತಲೆಗೆ ಹೋಗದ ವಿಷಯ ಒಂದಿದೆ. ಅದು ಸಫಾರಿಯ ಹೊತ್ತು.

ನಮ್ಮೂರಿನ ಪಿಲಿಕುಳ ಮೃಗಾಲಯಕ್ಕೆ ಹೋಗುವ ಹಾಗೆ ಯಾವಾಗ ಬೇಕಾದರೂ ಟಿಕೆಟ್ ತೆಗೆದು ಒಳಗೆ ಹೋಗಬಹುದು ಎಂದು ಜನ ಅಂದುಕೊಂಡಿದ್ದಾರೆ. "ಹನ್ನೊಂದು ಗಂಟೆಗೆ ಒಂದು ಟ್ರಿಪ್ ಇಲ್ವಾ? ಅದನ್ನು ಮುಗಿಸಿ ಊಟ ಮಾಡಿ ಹೊರಟರೆ ಸರಿ ಆಗ್ತದೆ" ಎಂದು ಕೇಳುತ್ತಾರೆ. ಇಲ್ಲ. ಹುಲಿ ಸಂರಕ್ಷಿತ ಕಾಡುಗಳಲ್ಲಿ ಸಫಾರಿ ದಿನಕ್ಕೆ ಎರಡೇ ಹೊತ್ತು. ಬೆಳಿಗ್ಗೆ ಆರು, ಆರೂವರೆಗೆ ಒಂದು. ಮಧ್ಯಾಹ್ನ ಎರಡೂವರೆ, ಮೂರರ ಮೇಲೆ ಇನ್ನೊಂದು. ಕಾಡಿನಿಂದ ಕಾಡಿಗೆ, ಋತುವಿನಿಂದ ಋತುವಿಗೆ ಅರ್ಧ ಗಂಟೆ ಆಚೀಚೆ ಆಗಬಹುದು. ಆದರೆ ನಡು ಮಧ್ಯಾಹ್ನ ಎಂಬ ಹೊತ್ತು ಇಲ್ಲವೇ ಇಲ್ಲ. ಕತ್ತಲಾದ ಮೇಲೂ ಇಲ್ಲ.

ಇದು ಇಲಾಖೆಯವರ ಸೋಮಾರಿತನ ಅಲ್ಲ. ಬಿಸಿಲು ಏರಿದ ಮೇಲೆ ಪ್ರಾಣಿಗಳು ನೆರಳು ಹಿಡಿಯುತ್ತವೆ. ಹುಲಿ ಪೊದೆಯೊಳಗೋ ನೀರಿನ ಬದಿಯಲ್ಲೋ ಮಲಗಿಬಿಡುತ್ತದೆ. ಕಾಟಿಗಳು, ಅಂದರೆ ಕಾಡುಕೋಣಗಳು, ದಟ್ಟ ಕಾಡಿಗೆ ಸರಿದು ಮೆಲುಕು ಹಾಕುತ್ತವೆ. ಹನ್ನೊಂದು ಗಂಟೆಗೆ ನಿಮ್ಮನ್ನು ಒಳಗೆ ಬಿಟ್ಟರೂ ಕಾಣುವುದು ಧೂಳು ಮತ್ತು ಮತ್ತಿ ಮರ. ಬೆಳಗ್ಗಿನ ತಂಪು, ಸಂಜೆಯ ತಂಪು, ಓಡಾಟ ಇರುವುದು ಆಗಲೇ. ಪ್ರಾಣಿಗಳ ಹೊತ್ತಿಗೆ ಸರಿಯಾಗಿ ಸಫಾರಿಯ ಹೊತ್ತು ಇಟ್ಟಿದ್ದಾರೆ. ನಿಮ್ಮ ಆಫೀಸಿನ ಹೊತ್ತಿಗೆ ಅಲ್ಲ.

ಈಗ ಲೆಕ್ಕ ಹಾಕೋಣ. ಸ್ವಲ್ಪ ಉದ್ದ ಆಗಬಹುದು, ಆದರೂ ಓದಿ. ಮಂಗಳೂರಿನಿಂದ ನಾಗರಹೊಳೆಗೆ ನಮಗೆ ಹತ್ತಿರದ ಬಾಗಿಲು ಕುಟ್ಟದ ಬಳಿಯ ನಾಣಚ್ಚಿ ಗೇಟ್. ಸುಳ್ಯ, ಸಂಪಾಜೆ, ಮಡಿಕೇರಿ, ಗೋಣಿಕೊಪ್ಪ ದಾರಿಯಲ್ಲಿ ಸುಮಾರು 220-230 ಕಿಲೋಮೀಟರ್. ಮನೆಮಂದಿ ಜೊತೆಗಿದ್ದರೆ ಆರೂವರೆ, ಏಳು ಗಂಟೆ ಹಿಡಿಯಿರಿ. ಮಧ್ಯಾಹ್ನದ ಸಫಾರಿಗೆ ಒಂದೂವರೆಗಾದರೂ ಕೌಂಟರ್ ಹತ್ತಿರ ಇರಬೇಕು. ಬೆಳಿಗ್ಗೆ ಆರಕ್ಕೆ ಹೊರಟರೆ ಮುಟ್ಟುತ್ತೀರಿ. ಇಲ್ಲಿಯವರೆಗೆ ಎಲ್ಲರ ಲೆಕ್ಕವೂ ಸರಿ. ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ, ಅದೇ ತಕರಾರು.

ಸಫಾರಿ ಮುಗಿದು ಹೊರಗೆ ಬರುವಾಗ ಆರು ಗಂಟೆ. ಚಹಾ ಕುಡಿದು ಹೊರಟರೆ ಆರೂವರೆ. ಗೋಣಿಕೊಪ್ಪದಲ್ಲಿ ಯಾರಿಗೋ ಹಸಿವು. ಮಡಿಕೇರಿ ದಾಟುವಾಗ ಒಂಬತ್ತು, ಒಂಬತ್ತೂವರೆ. ಆಮೇಲೆ ಕತ್ತಲಲ್ಲಿ ಸಂಪಾಜೆ ಘಾಟಿ ಇಳಿಯಬೇಕು. ಮಂಗಳೂರು ಮುಟ್ಟುವಾಗ ಹನ್ನೆರಡೂವರೆ. ಉಡುಪಿಯವರಾದರೆ ಇನ್ನೊಂದು ಗಂಟೆ ಸೇರಿಸಿ. ಡ್ರೈವರ್ ಎದ್ದದ್ದು ಬೆಳಿಗ್ಗೆ ನಾಲ್ಕೂವರೆಗೆ. ನೀವು ಸಫಾರಿ ವಾಹನದಲ್ಲಿ ಕೂತಿದ್ದ ಮೂರು ಗಂಟೆ ಅವನು ಪಾರ್ಕಿಂಗ್‌ನಲ್ಲಿ, ಬಿಸಿಲಿಗೆ ಕಾದ ಕಾರಿನಲ್ಲಿ ಕೂತಿದ್ದ. ಅದನ್ನು ನಿದ್ದೆ ಎಂದು ಕರೆಯಬೇಡಿ. ಘಾಟಿ ಇಳಿಯುವಾಗ ಹಿಂದಿನ ಸೀಟಿನಲ್ಲಿ ಎಲ್ಲರೂ ಗೊರಕೆ. ಕಣ್ಣು ಬಿಟ್ಟುಕೊಂಡು ಇರಬೇಕಾದವನು ಅವನೊಬ್ಬನೇ. ಕಾಡಿನ ಟ್ರಿಪ್ಪಿನಲ್ಲಿ ಆನೆ, ಹುಲಿಯಿಂದ ಏನಾದರೂ ಆದೀತು ಎಂದು ಕೇಳುವವರು ಬಹಳ ಜನ. ನನಗೆ ಹೆದರಿಕೆ ಇರುವುದು ಈ ಎರಡು ಗಂಟೆಯದ್ದು ಮಾತ್ರ.

ಬೆಳಗ್ಗಿನ ಸಫಾರಿ ಹಿಡಿಯೋಣ, ರಾತ್ರಿಯೇ ಹೊರಟರೆ ಆಯ್ತಲ್ಲ ಎಂಬುದು ಎರಡನೆಯ ಉಪಾಯ. ಕಾಲೇಜು ಹುಡುಗರಿಗೆ ಇದು ಭಾರಿ ಪ್ರೀತಿ. ರಾತ್ರಿ ಹತ್ತೂವರೆಗೆ ಹೊರಟು, ನಿದ್ದೆಗೆಟ್ಟು ಘಾಟಿ ಹತ್ತಿ, ಬೆಳಿಗ್ಗೆ ಐದೂವರೆಗೆ ಗೇಟ್ ಹತ್ತಿರ. ಸಫಾರಿ ವಾಹನ ಹೊರಟು ಹತ್ತು ನಿಮಿಷಕ್ಕೆ ಅರ್ಧ ಜನ ತೂಕಡಿಸುತ್ತಾರೆ. ಸೀಳುನಾಯಿಗಳ ಗುಂಪು ರಸ್ತೆ ದಾಟುವಾಗ ಗೆಳೆಯನ ಹೆಗಲ ಮೇಲೆ ತಲೆಯಿಟ್ಟು ಮಲಗಿದ್ದ ಒಬ್ಬ ಹುಡುಗ ನನಗೆ ಗೊತ್ತು. ಆಮೇಲೆ ಮಂಗಳೂರಿನವರೆಗೂ ಅವನದ್ದು ಒಂದೇ ಜಗಳ, ತನ್ನನ್ನು ಯಾಕೆ ಎಬ್ಬಿಸಲಿಲ್ಲ ಎಂದು.

ಬಂಡೀಪುರದ ಮಾತು ಎತ್ತಲೇಬೇಡಿ. ಮೈಸೂರಿನಿಂದ ಅದು 80 ಕಿಲೋಮೀಟರ್. ಮೈಸೂರಿನವರು ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಅವರು ಹಾಕಿದ ರೀಲ್ಸ್ ನೋಡಿ ನಾವು ಸುರತ್ಕಲ್‌ನಲ್ಲಿ ಕೂತು ಪ್ಲಾನ್ ಮಾಡಿದರೆ ಹೇಗೆ? ನಮಗೂ ಆ ಕಾಡಿಗೂ ನಡುವೆ ಒಂದು ಘಟ್ಟ ಇದೆ. ಜೀಪ್ ಸಫಾರಿ ಇರುವ ಯಾವ ಕಾಡಿಗೆ ಹೋಗುವುದಾದರೂ ಇದೆ. ಆಗುಂಬೆ, ಚಾರ್ಮಾಡಿ, ಶಿರಾಡಿ, ಸಂಪಾಜೆ, ಯಾವುದಾದರೂ ಒಂದನ್ನು ಹತ್ತಲೇಬೇಕು, ಅದನ್ನೇ ಇಳಿಯಬೇಕು. ಮಳೆಗಾಲದಲ್ಲಿ ಅದೂ ಖಾತ್ರಿ ಇಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಸಂಪಾಜೆ-ಮಡಿಕೇರಿ ರಸ್ತೆ ಬಂದ್ ಆಯಿತು. ಮರು ವರ್ಷ ಅದೇ ತಿಂಗಳು ಚಾರ್ಮಾಡಿಯ ಸರದಿ. ಬಂಡೀಪುರದ ಕಾಡಿನ ಹೆದ್ದಾರಿಗಳು ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿರುತ್ತವೆ. ನಾಗರಹೊಳೆ ಒಳಗಿನ ರಸ್ತೆ ಸಂಜೆ ಆರಕ್ಕೇ ಮುಚ್ಚುತ್ತದೆ. ಸಫಾರಿ ಮುಗಿಸಿ ಕಾಡಿನ ಒಳಗಿಂದಲೇ ಹುಣಸೂರಿಗೆ ಹೋಗಿ ಅಲ್ಲಿಂದ ಊರಿಗೆ ಎಂದು ಪ್ಲಾನ್ ಬರೆದು ತಂದವರೂ ಇದ್ದಾರೆ.

ಹಾಗಾದರೆ ಒಂದು ದಿನದಲ್ಲಿ ಏನೂ ಆಗುವುದಿಲ್ಲವಾ? ಆಗುತ್ತದೆ. ಆದರೆ ಅದನ್ನು ಕಾಡಿನ ಸಫಾರಿ ಎಂದು ಸುಳ್ಳು ಹೇಳಿ ಮಾರಲು ನನಗೆ ಮನಸ್ಸಿಲ್ಲ.

ಮಕ್ಕಳಿದ್ದರೆ ನಾನು ಹೇಳುವುದು ಶಿವಮೊಗ್ಗ ದಾರಿ. ಉಡುಪಿಯಿಂದ ಬೆಳಿಗ್ಗೆ ಐದಕ್ಕೆ ಹೊರಟು ಆಗುಂಬೆ ಘಾಟಿ ಹತ್ತಿ, ತೀರ್ಥಹಳ್ಳಿ ದಾಟಿ ಒಂಬತ್ತರ ಹೊತ್ತಿಗೆ ಸಕ್ರೆಬೈಲು ಆನೆ ಬಿಡಾರ. ಮಂಗಳೂರಿನವರು ನಾಲ್ಕಕ್ಕೇ ಎದ್ದು ಹೊರಡಬೇಕು. ಆನೆಗಳನ್ನು ತುಂಗೆಯ ನೀರಿನಲ್ಲಿ ಮೀಯಿಸುವುದು ಬೆಳಗಿನ ಹೊತ್ತು ಮಾತ್ರ. ಹನ್ನೆರಡಕ್ಕೆ ಹೋಗಿ "ಆನೆ ಎಲ್ಲಿ" ಎಂದು ಕೇಳಿದರೆ ಮಾವುತರು ಕಾಡಿನ ಕಡೆಗೆ ಕೈ ತೋರಿಸುತ್ತಾರೆ. ದಾರಿಯಲ್ಲೇ ಮಂಡಗದ್ದೆ ಸಿಗುತ್ತದೆ. ಮಳೆಗಾಲದಲ್ಲಿ ಹೊಳೆ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟಿರುತ್ತವೆ. ರಸ್ತೆ ಬದಿಯಿಂದಲೇ ಕಾಣುತ್ತವೆ. ಬೇಸಿಗೆಯಲ್ಲಿ ಹೋಗಿ ಬರೀ ಮರ ನೋಡಿ ನನ್ನನ್ನು ಬೈಯಬೇಡಿ. ಸಕ್ರೆಬೈಲಿನಿಂದ ಶಿವಮೊಗ್ಗ ದಾಟಿ ಸಾಗರ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಹೋದರೆ ತ್ಯಾವರೆಕೊಪ್ಪದ ಹುಲಿ-ಸಿಂಹಧಾಮ. ಅಲ್ಲಿ ಹುಲಿ, ಸಿಂಹ ದೊಡ್ಡ ಆವರಣದಲ್ಲಿ ಇರುತ್ತವೆ, ನೀವು ಬಸ್ಸಿನಲ್ಲಿ ಹೋಗಿ ನೋಡುತ್ತೀರಿ. ಕಾಡಿನ ಹುಲಿ ಅಲ್ಲ, ಆದರೆ ಹುಲಿಯೇ. ಹಾಗಾಗಿ ನಡು ಮಧ್ಯಾಹ್ನವೂ ನಡೆಯುತ್ತದೆ. ಮಂಗಳವಾರ ರಜೆ, ಅದು ನೆನಪಿರಲಿ. ಎರಡೂವರೆಗೆ ಅಲ್ಲಿಂದ ಹೊರಟರೆ ಸೂರ್ಯ ಮುಳುಗುವ ಮೊದಲು ಆಗುಂಬೆ. ಘಾಟಿಯ 14 ತಿರುವುಗಳನ್ನು ಬೆಳಕಿರುವಾಗಲೇ ಇಳಿದುಬಿಡಿ. ಸೂರ್ಯಾಸ್ತ ನೋಡಲೇಬೇಕು ಎಂದರೆ ನೋಡಿ, ಆದರೆ ಅಲ್ಲಿನ ಮಂಗಗಳಿಗೆ ಚಿಪ್ಸ್ ಹಾಕಬೇಡಿ.

ಕುದುರೆಮುಖಕ್ಕೆ ಹೋಗಿ ಸಫಾರಿ ಮಾಡುತ್ತೇವೆ ಎನ್ನುವವರಿಗೆ ಚಿಕ್ಕದಾಗಿ ಹೇಳುತ್ತೇನೆ. ಅದು ರಾಷ್ಟ್ರೀಯ ಉದ್ಯಾನ ಹೌದು, ಹೆಬ್ರಿ, ಕಾರ್ಕಳದವರಿಗೆ ಪಕ್ಕದ ಮನೆ ಹೌದು. ಆದರೆ ನಾಗರಹೊಳೆಯ ಹಾಗೆ ಜೀಪಿನಲ್ಲಿ ಸುತ್ತಿಸುವ ವ್ಯವಸ್ಥೆ ಅಲ್ಲಿಲ್ಲ. ನೀವು ಕಾಡಿನ ರಸ್ತೆಯಲ್ಲಿ ಹಾದು ಹೋಗುವವರು ಅಷ್ಟೇ. ನಡುವೆ ಗಾಡಿ ನಿಲ್ಲಿಸಿ ಇಳಿಯುವ ಹಾಗಿಲ್ಲ. ಅದೃಷ್ಟ ಇದ್ದರೆ ಸಿಂಗಳೀಕ ಕಂಡೀತು. ಕಾರು ನಿಧಾನ ಮಾಡಿ, ನೋಡಿ, ಹೋಗಿ.

ನಿಜವಾದ ಕಾಡು ಬೇಕು, ರಜೆ ಒಂದೇ ದಿನ ಎಂದರೆ ನನ್ನ ಹತ್ತಿರ ಒಂದೇ ಉತ್ತರ. ಶನಿವಾರ ಮಧ್ಯಾಹ್ನ ಊಟ ಮಾಡಿ ಹೊರಡಿ. ಚಾರ್ಮಾಡಿಯನ್ನು ಬೆಳಕಿನಲ್ಲಿ ಹತ್ತಿ, ರಾತ್ರಿ ಚಿಕ್ಕಮಗಳೂರಿನಲ್ಲಿ ಉಳಿಯಿರಿ. ಭಾನುವಾರ ನಾಲ್ಕೂವರೆಗೆ ಎದ್ದರೆ ಭದ್ರಾ ಅಭಯಾರಣ್ಯದ ಮುತ್ತೋಡಿ ಕಡೆಯ ಬೆಳಗ್ಗಿನ ಸಫಾರಿ ಸಿಗುತ್ತದೆ. ಕಾಫಿ ತೋಟದ ಕಿರಿದಾದ ರಸ್ತೆ, ಒಂದು ಗಂಟೆಗಿಂತ ಜಾಸ್ತಿ ಬೇಕು. ಒಂಬತ್ತೂವರೆಗೆ ತಿಂಡಿ, ಸಂಜೆ ಐದಕ್ಕೆ ಮಂಗಳೂರು. ಸೋಮವಾರ ಆಫೀಸಿಗೆ ಮುಖ ತೊಳೆದುಕೊಂಡು ಹೋಗಬಹುದು. ನೀವು ತೆಗೆದದ್ದು ಅದೇ ಒಂದು ದಿನದ ರಜೆ. ಮಲಗುವ ಜಾಗವನ್ನು ಘಟ್ಟದ ಮೇಲಕ್ಕೆ ಸರಿಸಿದಿರಿ, ಅಷ್ಟೇ ವ್ಯತ್ಯಾಸ. ಇದನ್ನು ಫೋನಿನಲ್ಲಿ ಹೇಳಿದಾಗ "ಓ, ಅದು ಎರಡು ದಿನದ ಟ್ರಿಪ್ ಆಯ್ತಲ್ಲ" ಎನ್ನುತ್ತಾರೆ. ರೂಮಿನ ದುಡ್ಡು ಉಳಿಸಲು ಹೋಗಿ ಮಧ್ಯರಾತ್ರಿ ಘಾಟಿ ಇಳಿಯುವುದು ಯಾವ ಉಳಿತಾಯ ಎಂದು ನನಗೆ ಅರ್ಥ ಆಗಿಲ್ಲ.

ಭದ್ರಾದಲ್ಲಿ ಹುಲಿ ಕಾಣುತ್ತದಾ? ಇದೆ, ಆದರೆ ಕಾಣುತ್ತದೆ ಎಂದು ನಾನು ಹೇಳುವುದಿಲ್ಲ. ನಾಗರಹೊಳೆಗೂ ಹೇಳುವುದಿಲ್ಲ. 2022ರ ಗಣತಿಯಲ್ಲಿ ನಾಗರಹೊಳೆಯಲ್ಲಿ 141, ಬಂಡೀಪುರದಲ್ಲಿ 150 ಹುಲಿಗಳ ಅಂದಾಜು ಸಿಕ್ಕಿದೆ. ಅಷ್ಟಿದ್ದೂ ಕಾಣದೆ ಬಂದವರು ಬೇಕಾದಷ್ಟು. ಸಫಾರಿ ವಾಹನ ಓಡುವುದು ಕಾಡಿನ ಸಣ್ಣ ಭಾಗದಲ್ಲಿ. ಆ ಎರಡು ಮೂರು ಗಂಟೆ ಹುಲಿ ಅಲ್ಲೇ ಇರಬೇಕು ಎಂದು ಏನೂ ಇಲ್ಲ. ಖಂಡಿತ ಹುಲಿ ಬೇಕು ಎಂದು ಹಟ ಹಿಡಿಯುವವರಿಗೆ ಅಷ್ಟಮಿಗೆ ಉಡುಪಿ ರಥಬೀದಿಗೆ ಹೋಗಿ ಎನ್ನುತ್ತೇನೆ. ಅಲ್ಲಿ ಹುಲಿವೇಷದ ಹುಲಿ ಕುಣಿದೂ ತೋರಿಸುತ್ತದೆ.

ಭದ್ರಾದಲ್ಲಿ ಕಾಟಿ ಮಾತ್ರ ಚೆನ್ನಾಗಿ ಕಾಣುತ್ತದೆ. ಕಾಡಿನೊಳಗಿದ್ದ ಹಳ್ಳಿಗಳ ಜನರನ್ನು 2002ರ ಸುಮಾರಿಗೆ ಹೊರಗೆ ಸ್ಥಳಾಂತರ ಮಾಡಿದರು. ಅವರ ಹಳೆಯ ಗದ್ದೆಗಳಲ್ಲಿ ಈಗ ಹುಲ್ಲು. ಜಿಂಕೆ, ಕಾಟಿ ಅಲ್ಲಿ ಮೇಯಲು ಬರುತ್ತವೆ. ಒಮ್ಮೆ ಬೆಳ್ತಂಗಡಿ ಕಡೆಯ ಒಂದು ಮನೆಯವರು ಅಜ್ಜಿಯನ್ನೂ ಕರೆತಂದಿದ್ದರು. ಕಾಟಿಯ ಹಿಂಡು ಕಂಡಾಗ ವಾಹನದಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದರು. ಅಜ್ಜಿ ಮಾತ್ರ ಮೊಮ್ಮಗನ ಕಡೆ ತಿರುಗಿ, "ಇದನ್ನು ನೋಡ್ಲಿಕ್ಕೆ ದುಡ್ಡು ಕೊಟ್ಟದ್ದಾ? ನಮ್ಮ ತೋಟಕ್ಕೆ ಬಂದದ್ದನ್ನು ಓಡಿಸ್ಲಿಕ್ಕೆ ಪಟಾಕಿಗೆ ಎಷ್ಟು ದುಡ್ಡು ಹಾಕಿದ್ದೇವೆ!" ಎಂದರು. ಗೈಡ್ ಆಗಿ ಬಂದಿದ್ದ ಹುಡುಗ ನಗು ತಡೆಯಲಾರದೆ ಮುಖ ಆಚೆ ತಿರುಗಿಸಿದ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಎಚ್ಚರಿಕೆ. ಸಮಯ, ದರ, ರಸ್ತೆ, ಯಾವುದೂ ಶಾಶ್ವತ ಅಲ್ಲ. 2025ರ ನವೆಂಬರ್‌ನಲ್ಲಿ ಕಾಡಂಚಿನಲ್ಲಿ ಹುಲಿ ದಾಳಿಗೆ ಜನ ಸತ್ತಾಗ ಬಂಡೀಪುರ, ನಾಗರಹೊಳೆ ಸಫಾರಿಯನ್ನೇ ಸರ್ಕಾರ ನಿಲ್ಲಿಸಿತು. ರೂಮ್ ಬುಕ್ ಮಾಡಿದ್ದವರು ನನಗೆ ಫೋನ್ ಮಾಡಿ ಬೈದರು. ನಾನೇನು ಮಾಡಲಿ? ಹೊರಡುವ ಹಿಂದಿನ ದಿನ ಸಫಾರಿ ಇದೆಯಾ, ಘಾಟಿ ತೆರೆದಿದೆಯಾ, ಎರಡನ್ನೂ ವಿಚಾರಿಸಿ. ಎಲ್ಲರ ಗುರುತಿನ ಚೀಟಿ ಇಟ್ಟುಕೊಳ್ಳಿ.

ಮತ್ತೆ, ರೂಮ್ ಬುಕ್ ಮಾಡುವಾಗ ಡ್ರೈವರ್‌ಗೆ ಮಲಗಲು ಜಾಗ ಇದೆಯಾ ಎಂದು ಕೇಳಿ. ದಿನದ ಭತ್ಯೆ ಎಂದು ಬಾಟಾ ಕೊಡುತ್ತೇವಲ್ಲ ಎನ್ನಬೇಡಿ, ಬಾಟಾ ಹಾಸಿಕೊಂಡು ಮಲಗಲು ಆಗುವುದಿಲ್ಲ. ಘಟ್ಟದ ಮೇಲೆ ಡಿಸೆಂಬರ್, ಜನವರಿಯಲ್ಲಿ ಕಾರಿನೊಳಗೆ ನಿದ್ದೆ ಬರುವುದಿಲ್ಲ. ಹೋಂಸ್ಟೇಗಳಲ್ಲಿ ಮೊದಲೇ ಹೇಳಿದರೆ ಒಂದು ಮಂಚ, ಒಂದು ಕಂಬಳಿ ಕೊಡುತ್ತಾರೆ. ರಾತ್ರಿ ಹತ್ತಕ್ಕೆ ಹೋಗಿ ಕೇಳಿದರೆ ಇಲ್ಲ ಎನ್ನುತ್ತಾರೆ. ನಾನೀಗ ಡ್ರೈವರ್ ರೂಮ್ ಖಾತ್ರಿ ಆಗದೆ ಗಾಡಿ ಕಳಿಸುವುದಿಲ್ಲ. ಇದಕ್ಕೆ ಬಾಡಿಗೆ ಕ್ಯಾನ್ಸಲ್ ಮಾಡಿದವರೂ ಇದ್ದಾರೆ. ಮಾಡಲಿ.