ಕೆಲಸದ ಒತ್ತಡ: ಹೊರೆ ಎಷ್ಟು, ಹಿಡಿತ ಎಷ್ಟು?

ಕೆಲಸ ಜಾಸ್ತಿ ಆದರೆ ಒತ್ತಡವೂ ಜಾಸ್ತಿ, ಇಷ್ಟೇ ಅಲ್ವಾ ಅಂದುಕೊಂಡು ನಾನು ಕೆಲಸದ ಒತ್ತಡದ ಈ ಪಾಠವನ್ನು ಪರೀಕ್ಷೆಗೆ ಓದಲು ಕೂತಿದ್ದೆ. ಆದರೆ ಒಂದೇ ಸಮ ದುಡಿಯುವ ಇಬ್ಬರನ್ನು ನೋಡಿ. ಒಬ್ಬರು ಸಂಜೆಯೂ ಲವಲವಿಕೆಯಿಂದ ಇರುತ್ತಾರೆ, ಇನ್ನೊಬ್ಬರು ಸೋತು ಸುಣ್ಣವಾಗಿರುತ್ತಾರೆ. ಯಾಕೆ ಹೀಗೆ? ಈ ಪ್ರಶ್ನೆ ಇಟ್ಟುಕೊಂಡು ಓದಿದಾಗ ನನಗೆ ಪಾಠ ಅರ್ಥವಾಯಿತು. ನೀವೂ ಹಾಗೇ ಓದಿ.

ದೇಹದಲ್ಲಿ ಆಗುವುದು

ಇದನ್ನು ಬೇಗ ಮುಗಿಸೋಣ. ಅಪಾಯ ಅನ್ನಿಸಿದ ಕೂಡಲೇ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಅನ್ನುವ ಹಾರ್ಮೋನ್ ಬಿಡುತ್ತವೆ. ಎದೆ ಬಡಿತ ಏರುತ್ತದೆ, ಮೈ ಬಿಗಿಯಾಗುತ್ತದೆ. ಸ್ವಲ್ಪ ಹೊತ್ತಿಗೆ ಕಾರ್ಟಿಸಾಲ್ ಅನ್ನುವ ಇನ್ನೊಂದು ಹಾರ್ಮೋನ್ ಏರಿ, ರಕ್ತದಲ್ಲಿ ಸಕ್ಕರೆ ಹೆಚ್ಚಿಸಿ, ದೇಹಕ್ಕೆ ಶಕ್ತಿ ಒದಗಿಸುತ್ತದೆ. ನಾಯಿ ಅಟ್ಟಿಸಿಕೊಂಡು ಬಂದಾಗ ಇದು ಬೇಕೇ ಬೇಕು. ಮೇಲಧಿಕಾರಿಯ ಖಾರವಾದ ಇಮೇಲ್ ಬಂದಾಗಲೂ ದೇಹ ಇದನ್ನೇ ಮಾಡುತ್ತದೆ. ಆದರೆ ಆಗ ಓಡುವ ಹಾಗಿಲ್ಲ, ಕೂತಲ್ಲೇ ಕೂತಿರಬೇಕು.

ವಿಜ್ಞಾನಿ ಹ್ಯಾನ್ಸ್ ಸೆಲ್ಯೆ 1936ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳಿಂದ, ಒತ್ತಡಕ್ಕೆ ದೇಹ ಸ್ಪಂದಿಸುವ ಮೂರು ಹಂತ ಗುರುತಿಸಿದರು: ಎಚ್ಚರಿಕೆ, ತಡೆದುಕೊಳ್ಳುವುದು, ಬಳಲಿ ಬೀಳುವುದು. ನನ್ನ ಮಟ್ಟಿಗೆ ನಡುವಿನ ಹಂತವೇ ಮುಖ್ಯ. ಆಗ ಮನುಷ್ಯ ಹೊರಗಿನಿಂದ ಚೆನ್ನಾಗೇ ಕಾಣುತ್ತಾನೆ. ಕೆಲಸವೂ ನಡೆಯುತ್ತಿರುತ್ತದೆ. ಹಾಗಾಗಿ ಯಾರೂ ಏನೂ ಕೇಳುವುದಿಲ್ಲ.

ಹಿಡಿತದ ಮಾತು

ಪಾಠದ ಜೀವಾಳ ಇಲ್ಲಿದೆ. ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲಿ ಎರಡು ವಿಷಯಗಳನ್ನು ಜೊತೆಗಿಟ್ಟು ನೋಡಿದರು. ಒಂದು, ಕೆಲಸ ನಮ್ಮಿಂದ ಎಷ್ಟು ಕೇಳುತ್ತದೆ. ಇನ್ನೊಂದು, ಆ ಕೆಲಸವನ್ನು ಹೇಗೆ, ಯಾವ ಕ್ರಮದಲ್ಲಿ ಮಾಡಬೇಕು ಅನ್ನುವುದು ಎಷ್ಟರ ಮಟ್ಟಿಗೆ ನಮ್ಮ ಕೈಯಲ್ಲಿದೆ. ಹೊರೆ ಹೆಚ್ಚು, ಹಿಡಿತ ಕಡಿಮೆ ಇದ್ದರೆ ಅದೇ ಅತಿ ಕೆಟ್ಟ ಜಾಗ. ಹೊರೆಯೂ ಹೆಚ್ಚು, ಹಿಡಿತವೂ ಹೆಚ್ಚು ಇದ್ದರೆ ಮನುಷ್ಯ ದಣಿದರೂ ಕಲಿಯುತ್ತಾನೆ, ಬೆಳೆಯುತ್ತಾನೆ. ಕಾಲ್ ಸೆಂಟರ್ ಕೆಲಸ ನೆನಪಿಸಿಕೊಳ್ಳಿ. ಆಡುವ ಮಾತು ಬರೆದುಕೊಟ್ಟಿದ್ದು, ಕರೆಗೆ ಇಷ್ಟೇ ನಿಮಿಷ ಅನ್ನುವ ಲೆಕ್ಕ, ಎದ್ದು ಹೋಗಲೂ ಅನುಮತಿ ಕೇಳಬೇಕು. ಕರೆಗಳ ಸಂಖ್ಯೆ ಒಂದನ್ನೇ ನೋಡಿದರೆ ಈ ಕಷ್ಟ ಕಾಣುವುದಿಲ್ಲ. 1988ರಲ್ಲಿ ಈ ಮಾದರಿಗೆ ಮೂರನೆಯ ಅಂಶ ಸೇರಿತು: ಜೊತೆಯವರ ಬೆಂಬಲ.

ಇದಕ್ಕೆ ಬಲವಾದ ಸಾಕ್ಷಿ ಬ್ರಿಟನ್ನಿನ ವೈಟ್‌ಹಾಲ್ ಅಧ್ಯಯನ. 1967ರಲ್ಲಿ ಶುರುವಾಗಿದ್ದು, ಸರ್ಕಾರಿ ನೌಕರರ ಮೇಲೆ. ದೊಡ್ಡ ಜವಾಬ್ದಾರಿ ಹೊತ್ತ ಅಧಿಕಾರಿಗಳಿಗೇ ಹೃದಯದ ಕಾಯಿಲೆ ಜಾಸ್ತಿ ಇರಬೇಕು ಅನ್ನಿಸುತ್ತದೆ ಅಲ್ವಾ? ಆದದ್ದು ತಿರುಗುಮುರುಗು. ಹೃದಯದ ಕಾಯಿಲೆಯ ಸಾವು ಕೆಳಗಿನ ದರ್ಜೆಯವರಲ್ಲಿ ಮೇಲಿನವರಿಗಿಂತ ಮೂರು ಪಟ್ಟಿಗೂ ಹೆಚ್ಚಿತ್ತು. ಸಿಗರೇಟು, ರಕ್ತದೊತ್ತಡ ಎಲ್ಲ ಲೆಕ್ಕ ಹಾಕಿದರೂ ಪೂರ್ತಿ ಉತ್ತರ ಸಿಗಲಿಲ್ಲ. 1985ರಲ್ಲಿ ಮಹಿಳೆಯರನ್ನೂ ಸೇರಿಸಿಕೊಂಡು ಎರಡನೆಯ ಅಧ್ಯಯನ ಶುರುವಾಯಿತು. ಕೆಲಸದ ಮೇಲೆ ಹಿಡಿತ ಕಡಿಮೆ ಇರುವವರಿಗೆ ಹೃದಯದ ತೊಂದರೆ ಹೆಚ್ಚು ಅನ್ನುವುದು ಅಲ್ಲಿ ಕಂಡಿತು. ಇದನ್ನು ಓದಿದ ದಿನ ನನಗೆ ನಿಜಕ್ಕೂ ಬೇಸರವಾಯಿತು.

ಸಮಾಜಶಾಸ್ತ್ರಜ್ಞ ಯೋಹಾನೆಸ್ ಸೀಗ್ರಿಸ್ಟ್ ಅವರ 1996ರ ಮಾದರಿಯನ್ನೂ ನೆನಪಿಡಿ. ಹಾಕುವ ಶ್ರಮಕ್ಕೆ ತಕ್ಕ ಪ್ರತಿಫಲ ಸಿಗದಿದ್ದರೆ ಒತ್ತಡ. ಅವರ ಪ್ರಕಾರ ಸಂಬಳದ ಜೊತೆ ಗೌರವ, ಬಡ್ತಿ, ಕೆಲಸದ ಭದ್ರತೆ ಕೂಡ ಪ್ರತಿಫಲವೇ.

ಸ್ವಲ್ಪ ಒತ್ತಡ ಒಳ್ಳೆಯದು ಅಂತ ವಾದಿಸಲು ಮನೋವಿಜ್ಞಾನಿಗಳಾದ ಯರ್ಕ್ಸ್ ಮತ್ತು ಡಾಡ್ಸನ್ ಅವರ ಪ್ರಯೋಗದ ಹೆಸರು ತರುವವರಿದ್ದಾರೆ. 1908ರ ಆ ಪ್ರಯೋಗ ಚಿಕ್ಕ ಇಲಿಗಳಿಗೆ ಶಾಕ್ ಕೊಟ್ಟು ಮಾಡಿದ್ದು. ಕಚೇರಿಯಲ್ಲಿ ಜನರನ್ನು ಹಿಂಡಲು ಅದು ಸಮರ್ಥನೆ ಆಗುವುದಿಲ್ಲ.

ನಿಭಾಯಿಸುವುದು

ಮನೋವಿಜ್ಞಾನಿಗಳಾದ ಲಜಾರಸ್ ಮತ್ತು ಫೋಕ್‌ಮನ್ 1984ರಲ್ಲಿ ಹೇಳಿದ್ದನ್ನು ಸರಳವಾಗಿ ಹೇಳುತ್ತೇನೆ. ಮನಸ್ಸು ಮೊದಲು, ಇದರಿಂದ ನನಗೆ ತೊಂದರೆ ಇದೆಯಾ ಅಂತ ಕೇಳುತ್ತದೆ. ಆಮೇಲೆ, ನಾನು ಏನಾದರೂ ಮಾಡಬಹುದಾ ಅಂತ ಕೇಳುತ್ತದೆ. ಮಾಡಬಹುದಾದರೆ ಸಮಸ್ಯೆಗೇ ಕೈ ಹಾಕಬೇಕು. ಆಗದಿದ್ದರೆ ಮನಸ್ಸನ್ನು ಸಮಾಧಾನಕ್ಕೆ ತರಬೇಕು. ಎರಡೂ ಸರಿ. ನಾವು ತಪ್ಪುವುದು ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಿದಾಗ.

ನಾನೂ ಹಾಗೇ ತಪ್ಪಿದ್ದೆ. ಹಿಂದೆ ಒಂದು ಕಡೆ ಕೆಲಸ ಮಾಡುವಾಗ ದಿನಾ ಸಂಜೆ ಹೊಸದೊಂದು ತುರ್ತು ಕೆಲಸ ತಲೆಗೆ ಬೀಳುತ್ತಿತ್ತು. ನಾನು ಸುಮ್ನೆ ದೀರ್ಘ ಉಸಿರು ತೆಗೆದುಕೊಂಡು ಸಹಿಸುತ್ತಿದ್ದೆ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಕೊನೆಗೆ ಒಂದು ದಿನ ಕೈಯಲ್ಲಿದ್ದ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮೇಲ್ವಿಚಾರಕರ ಮುಂದಿಟ್ಟೆ. "ಸರ್, ಈ ಐದರಲ್ಲಿ ನಾಳೆಗೆ ಬೇಕಾದ ಎರಡು ಯಾವುದು ಹೇಳಿ" ಅಂದೆ. ಅವರು ಎರಡಕ್ಕೆ ಗುರುತು ಹಾಕಿದರು. ಕೆಲಸ ಐದೇ ಇತ್ತು, ಆದರೆ ಅವತ್ತು ನಿದ್ದೆ ಬಂತು. ಕರಾಸೆಕ್ ಹೇಳಿದ ಹಿಡಿತ ಅಂದರೆ ಇದೇ ಅಂತ ಈಗ ಓದುವಾಗ ಗೊತ್ತಾಗುತ್ತಿದೆ.

ಎಲ್ಲ ಮೇಲ್ವಿಚಾರಕರೂ ಹಾಗೆ ಕೇಳಿಸಿಕೊಳ್ಳುವುದಿಲ್ಲ, ನಿಜ. ಆಗ ಕೆಲಸ ಮುಗಿದ ಮೇಲಾದರೂ ಮನಸ್ಸನ್ನು ಅದರಿಂದ ಪೂರ್ತಿ ಬಿಡಿಸಿಕೊಳ್ಳಿ: ನಡಿಗೆ, ಗೆಳೆಯರ ಜೊತೆ ಮಾತು, ಫೋನ್ ಬೇರೆ ಕೋಣೆಯಲ್ಲಿ. ದುಡಿಯುವ ಗಂಟೆಗಳನ್ನೂ ಲೆಕ್ಕ ಇಡಿ. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು 35% ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ತಿಳಿಸಿದವು.

ಬರ್ನ್‌ಔಟ್ ಅನ್ನು ಒತ್ತಡದ ಇನ್ನೊಂದು ಹೆಸರು ಅಂದುಕೊಳ್ಳಬೇಡಿ. ಅದು ನಿಭಾಯಿಸದೆ ಬಿಟ್ಟ, ದೀರ್ಘಕಾಲದ ಕೆಲಸದ ಒತ್ತಡದ ಫಲ. ಗುರುತು ಮೂರು: ಶಕ್ತಿ ಬತ್ತಿಹೋಗುವುದು, ಕೆಲಸದ ಬಗ್ಗೆ ಜಿಗುಪ್ಸೆ, ಮಾಡುವ ಕೆಲಸ ಮೊದಲಿನಂತೆ ಕೈಗೂಡದಿರುವುದು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾಯಿಲೆ ಅಂತ ಕರೆಯದೆ, ದುಡಿಮೆಗೆ ಸಂಬಂಧಿಸಿದ ಸ್ಥಿತಿ ಅಂತ ಪಟ್ಟಿ ಮಾಡಿದೆ. ಆದರೆ ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಬದುಕೇ ಬೇಡ ಅನ್ನಿಸಿದರೆ ತಡ ಮಾಡದೆ ವೈದ್ಯರನ್ನು ಕಾಣಿ.

ಪರೀಕ್ಷೆಯಲ್ಲಿ ಒತ್ತಡ ನಿರ್ವಹಣೆಯ ಪ್ರಶ್ನೆಗೆ ಹೆಚ್ಚಿನವರು ಯೋಗ, ಧ್ಯಾನ, ಸಮಯಪಾಲನೆ ಅಂತ ಬರೆದು ನಿಲ್ಲಿಸುತ್ತಾರೆ. ಸಂಸ್ಥೆ ಮಾಡಬೇಕಾದದ್ದನ್ನೂ ಬರೆಯಿರಿ: ಹೊರೆ ಹಂಚುವುದು, ನಿರ್ಧಾರಗಳಲ್ಲಿ ನೌಕರರನ್ನು ಸೇರಿಸಿಕೊಳ್ಳುವುದು, ಮೇಲ್ವಿಚಾರಕರಿಗೆ ತರಬೇತಿ ಕೊಡುವುದು. ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿಯಲ್ಲೂ ಮೇಲ್ವಿಚಾರಕರ ತರಬೇತಿ ಇದೆ.