ಅಳಿಸಿಹೋದ ಮುಖ ಮರಳಿ ಬರುತ್ತದೆಯೇ?

ಪ್ರಶ್ನೆ: ನಮ್ಮ ಅಜ್ಜಿಯ ಒಂದೇ ಒಂದು ಕಪ್ಪು-ಬಿಳುಪು ಫೋಟೋ ಉಳಿದಿದೆ. ನೀರು ಬಿದ್ದು ಅರ್ಧ ಮುಖ ಹೋಗಿದೆ. ಮೊಬೈಲಿನಲ್ಲಿ ಅದರ ಚಿತ್ರ ತೆಗೆದು ಕಳುಹಿಸಿದರೆ ಮೊದಲಿನಂತೆ ಮಾಡಿಕೊಡಲು ಆಗುತ್ತದೆಯೇ?

ಇದೇ ಪ್ರಶ್ನೆಗೆ ಇಷ್ಟು ಬಾರಿ ಉತ್ತರಿಸಿದ್ದೇನೆ ಎಂದರೆ, ಒಮ್ಮೆ ವಿವರವಾಗಿ ಬರೆದಿಡುವುದೇ ಮೇಲು ಎನಿಸಿದೆ. ಗೀರು, ಮಡಿಕೆ, ಕಲೆಗಳನ್ನು ತೆಗೆಯಬಹುದು. ಮಾಸಿದ್ದನ್ನು ಎದ್ದು ಕಾಣುವಂತೆ ಮಾಡಬಹುದು. ಆದರೆ ಹೋದ ಅರ್ಧ ಮುಖವನ್ನು ಆ ಒಂದೇ ಚಿತ್ರದಿಂದ ಮರಳಿ ತರಲಾಗದು.

‘ಆ್ಯಪ್‌ಗೆ ಹಾಕಿದರೆ ಮುಖ ಬರುತ್ತದಲ್ಲ’ ಎಂಬ ಮಾತು ಇದರ ಬೆನ್ನಿಗೇ ಬರುತ್ತದೆ. ಮುಖವೇನೋ ಬರುತ್ತದೆ, ಆದರೆ ಅದು ನಿಮ್ಮ ಅಜ್ಜಿಯದಲ್ಲ. ಮಾಸುವುದಕ್ಕೂ ಕಳೆದುಹೋಗುವುದಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಅರಿಯಬೇಕು. ಹಳೆಯ ಕಪ್ಪು-ಬಿಳುಪು ಚಿತ್ರಗಳಲ್ಲಿ ಸಾಮಾನ್ಯವಾಗಿ ಕಾಗದದ ಮೇಲೆ ಜೆಲಟಿನ್ ಎಂಬ ತೆಳುವಾದ ಪದರವಿದ್ದು, ಅದರೊಳಗಿನ ಬೆಳ್ಳಿಯ ಸೂಕ್ಷ್ಮ ಕಣಗಳೇ ನಮಗೆ ಚಿತ್ರವಾಗಿ ಕಾಣುತ್ತವೆ. ಆ ಬೆಳ್ಳಿ ಕಾಲಕ್ರಮೇಣ ಬಣ್ಣಗೆಟ್ಟು ಹಳದಿಗೆ ತಿರುಗಿದ್ದರೂ ಮೂಗಿನ ಗೆರೆ, ಹುಬ್ಬಿನ ನೆರಳು ಕ್ಷೀಣವಾಗಿ ಅಲ್ಲಿಯೇ ಇರುತ್ತವೆ. ಒಳ್ಳೆಯ ಸ್ಕ್ಯಾನ್ ಅವನ್ನು ಹಿಡಿಯುತ್ತದೆ. ನೀರು ಬಿದ್ದಾಗ ಆಗುವುದು ಹೀಗಲ್ಲ. ಜೆಲಟಿನ್ ಉಬ್ಬಿ ಮೆತ್ತಗಾಗಿ, ಎದ್ದು ಬಂದರೆ ಬೆಳ್ಳಿಯನ್ನೂ ತನ್ನೊಂದಿಗೆ ಒಯ್ಯುತ್ತದೆ. ಆಮೇಲೆ ಉಳಿಯುವುದು ಬರಿಯ ಕಾಗದ. ಅದರಿಂದ ಯಾವ ತಂತ್ರಾಂಶವೂ ಕಣ್ಣನ್ನು ಹೊರತೆಗೆಯಲಾರದು.

ಹಾಗಾದರೆ ಆ್ಯಪ್ ತೋರಿಸುವ ಕಣ್ಣು ಯಾರದು? ಅಸಂಖ್ಯ ಬೇರೆ ಮುಖಗಳನ್ನು ನೋಡಿ ಕಲಿತ ತಂತ್ರಾಂಶ, ‘ಇಂಥ ಕಡೆ ಸಾಮಾನ್ಯವಾಗಿ ಇಂಥ ಕಣ್ಣಿರುತ್ತದೆ’ ಎಂದು ಊಹಿಸಿ ಬರೆದದ್ದು ಅದು. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ಪಲ್ಸ್ ಎಂಬ ತಂತ್ರಾಂಶ, 16×16 ಪಿಕ್ಸೆಲ್‌ಗಳ ಮಸುಕು ಮುಖದಿಂದ 1024×1024 ಪಿಕ್ಸೆಲ್‌ಗಳ ಸ್ಪಷ್ಟ ಮುಖವನ್ನು ಸೃಷ್ಟಿಸುತ್ತಿತ್ತು. ಅಂದರೆ 256 ಚುಕ್ಕೆಗಳಿಂದ ಹತ್ತು ಲಕ್ಷಕ್ಕೂ ಹೆಚ್ಚು ಚುಕ್ಕೆಗಳು! ಬರಾಕ್ ಒಬಾಮ ಅವರ ಮಸುಕು ಚಿತ್ರವನ್ನು ಕೊಟ್ಟಾಗ ಅದು ತೋರಿಸಿದ್ದು ಒಬ್ಬ ಬಿಳಿಯ ವ್ಯಕ್ತಿಯನ್ನು. ಜಗತ್ತೇ ಬಲ್ಲ ಮುಖವಾದ್ದರಿಂದ ಆ ತಪ್ಪು ತಕ್ಷಣ ಕಣ್ಣಿಗೆ ಬಿತ್ತು. ನಿಮ್ಮ ಅಜ್ಜಿಯನ್ನು ಕಂಡವರೇ ಈಗ ಮನೆಯಲ್ಲಿ ಇಲ್ಲದಿದ್ದರೆ ಅಂಥದೇ ತಪ್ಪನ್ನು ಹಿಡಿಯುವವರು ಯಾರು? ಅಂದವಾದ ಆ ಅಪರಿಚಿತ ಮುಖವೇ ಮುಂದಿನ ಪೀಳಿಗೆಗೆ ಅಜ್ಜಿಯಾಗಿಬಿಡುತ್ತದೆ. ಇಂಥ ಚಿತ್ರವೊಂದನ್ನು ಹಿಡಿದು ನನ್ನ ಬಳಿ ಬಂದಿದ್ದ ಹಿರಿಯರೊಬ್ಬರು, ‘ನಮ್ಮಮ್ಮನ ಎಡಗಣ್ಣಿನ ರೆಪ್ಪೆ ಸ್ವಲ್ಪ ಇಳಿಬಿದ್ದಿತ್ತು, ಇದರಲ್ಲಿ ಎರಡೂ ಒಂದೇ ಸಮ ಇವೆ’ ಎಂದರು. ಆ ರೆಪ್ಪೆಯ ಗುರುತು ಉಳಿದಿದ್ದುದು ಅವರ ನೆನಪಿನಲ್ಲಿ ಮಾತ್ರ.

ನಿಜವಾದ ದಾರಿಯೆಂದರೆ ಹುಡುಕುವುದು. ಆ ಚಿತ್ರದ ನೆಗೆಟಿವ್, ನೆಂಟರ ಮನೆಯಲ್ಲಿರಬಹುದಾದ ಅದೇ ಚಿತ್ರದ ಇನ್ನೊಂದು ಪ್ರತಿ, ಮದುವೆಯ ಗುಂಪಿನಲ್ಲಿ ಹಿಂದಿನ ಸಾಲಿನಲ್ಲಿ ನಿಂತ ಅಜ್ಜಿ, ಇವುಗಳಲ್ಲಿ ಒಂದು ಸಿಕ್ಕರೂ ಅವರದೇ ಕಣ್ಣನ್ನು ಅವರಿಗೆ ಕೂಡಿಸಬಹುದು. ನನ್ನ ಕೆಲಸದಲ್ಲಿ ನನಗೆ ಅತ್ಯಂತ ತೃಪ್ತಿ ಕೊಡುವ ಘಳಿಗೆ ಅದು.

ಮೊಬೈಲಿನಲ್ಲಿ ತೆಗೆದು ಕಳುಹಿಸುವುದು ಬೇಡ. ಮೆಸೇಜ್ ಆ್ಯಪ್‌ಗಳು ಸಾಮಾನ್ಯವಾಗಿ ಚಿತ್ರವನ್ನು ಕುಗ್ಗಿಸಿ ಕಳುಹಿಸುತ್ತವೆ. ಗುಂಪಿನ ಚಿತ್ರದಲ್ಲಿ ಒಂದು ಮುಖ 5 ಮಿಲಿಮೀಟರ್ ಅಗಲವಿದ್ದರೆ, 300 ಡಿಪಿಐ (ಅಂದರೆ ಇಂಚಿಗೆ 300 ಚುಕ್ಕೆ) ಸ್ಕ್ಯಾನಿನಲ್ಲಿ ಅದರ ಅಗಲಕ್ಕೆ ಸಿಗುವುದು 60ಕ್ಕಿಂತ ಕಡಿಮೆ ಪಿಕ್ಸೆಲ್. 1200 ಡಿಪಿಐ ಇಟ್ಟರೆ ಸುಮಾರು 236. ಕಪ್ಪು-ಬಿಳುಪು ಚಿತ್ರವನ್ನೂ ಬಣ್ಣದಲ್ಲಿಯೇ ಸ್ಕ್ಯಾನ್ ಮಾಡಿಸಿ, ಏಕೆಂದರೆ ಹಳದಿ ಕಲೆಯನ್ನು ಚಿತ್ರದಿಂದ ಬೇರ್ಪಡಿಸಲು ಆ ಬಣ್ಣವೇ ನೆರವಾಗುತ್ತದೆ. ಕಡತವನ್ನು ಚಿತ್ರದ ವಿವರ ಕಳೆಯದಂತೆ ಇಡುವ ಟಿಫ್ (TIFF) ರೂಪದಲ್ಲಿ ಉಳಿಸಿ. ಫೋಟೋ ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದ್ದರೆ ದಯವಿಟ್ಟು ಎಳೆಯಬೇಡಿ. ಎಳೆದರೆ ಮುಖ ಗಾಜಿನ ಮೇಲೆಯೇ ಉಳಿಯುತ್ತದೆ. ಗಾಜಿನ ಸಮೇತವೇ ಸ್ಕ್ಯಾನ್ ಮಾಡಿಸಿ.

ಯಾರೂ ಕೇಳದ ಇನ್ನೊಂದು ವಿಷಯವೂ ಇದೆ: ಫೋಟೋದ ಹಿಂಬದಿ. ಸ್ಟುಡಿಯೋದ ಮುದ್ರೆ, ತಾರೀಕು, ಯಾರೋ ಬರೆದ ಎರಡು ಸಾಲು ಅಲ್ಲಿರಬಹುದು. ಅದನ್ನೂ ತಪ್ಪದೆ ಸ್ಕ್ಯಾನ್ ಮಾಡಿಸಿ. ಏನೂ ಇಲ್ಲದಿದ್ದರೆ, ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿ, ಚಿತ್ರದಲ್ಲಿರುವವರ ಹೆಸರುಗಳನ್ನು ಎಡದಿಂದ ಬಲಕ್ಕೆ ಹಿಂಬದಿಯ ಅಂಚಿನಲ್ಲಿ ಮೆದುವಾದ ಪೆನ್ಸಿಲಿನಿಂದ ಒತ್ತದೆ ಬರೆಯಿರಿ. ಬಾಲ್‌ಪೆನ್ ಬೇಡ, ಅದು ಒತ್ತಿದ ಗೆರೆ ಮುಂಬದಿಯ ಚಿತ್ರದ ಮೇಲೆ ಮೂಡುತ್ತದೆ. ಪ್ಲಾಸ್ಟಿಕ್ ಲೇಪದ ಕಾಗದದ ಮೇಲೆ ಪೆನ್ಸಿಲ್ ಹಿಡಿಯುವುದಿಲ್ಲ. ಆಗ ಬೇರೆ ಚೀಟಿಯಲ್ಲಿ ಬರೆದು ಫೋಟೋ ಇರುವ ಲಕೋಟೆಯಲ್ಲಿಯೇ ಇಡಿ.